ಕೆಂಪು ಮುಚ್ಚಳ, ನೀಲಿ ಮುಚ್ಚಳ

ನನ್ನ ಮಗಳು ಊರವರ ಮೊಣಕಾಲು ಸರಿಮಾಡುವವಳು. "ಇನ್ನೊಂದು ಚೂರು ಎತ್ತಿ ಅಜ್ಜಿ, ಇನ್ನೊಂದೇ ಚೂರು" ಎಂದು ದಿನವಿಡೀ ತಾಳ್ಮೆಯಿಂದ ಕಂಡವರ ಕಾಲು ಹಿಡಿದು ವ್ಯಾಯಾಮ ಮಾಡಿಸುತ್ತಾಳೆ. ಆ ತಾಳ್ಮೆಯನ್ನು ಸಂಜೆ ಮನೆಗೆ ಬಂದಕೂಡಲೇ ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟುಬಿಡುತ್ತಾಳೆ. ನಾನು ಬಾಯಿ ತೆರೆಯುವುದೇ ತಡ, "ಅಮ್ಮಾ, ಮುಚ್ಚಳದ ವಿಷಯ ಆಗಿದ್ರೆ ಬೇಡ" ಅನ್ನುತ್ತಾಳೆ. ಅದು ಮುಚ್ಚಳದ ವಿಷಯವೇ ಆಗಿರುತ್ತದೆ, ಆ ಮಾತು ಬೇರೆ.

ಹೌದು, ಮುಚ್ಚಳ. ಡಬ್ಬಿಯ ಮುಚ್ಚಳ, ಸೀಸೆಯ ಮುಚ್ಚಳ, ಪೆನ್ನಿನ ಮುಚ್ಚಳ, ಶೂ ಪಾಲಿಶಿನ ಮುಚ್ಚಳ. ನಗುವವರು ಈಗಲೇ ನಕ್ಕು ಮುಗಿಸಿ, ಆಮೇಲೆ ನಡುವೆ ಬಾಯಿ ಹಾಕಬೇಡಿ.

ನಮ್ಮದು ಔಷಧಿ ಅಂಗಡಿ. ಆಸ್ಪತ್ರೆಯ ಗೇಟಿನ ಎದುರು, ಹಣ್ಣಿನ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡು ಕೂತಿದೆ. ನಾನು ಅಂಗಡಿ ಇಟ್ಟ ಹೊಸತರಲ್ಲಿ ಒಬ್ಬ ಮುದುಕರು ಮಾತ್ರೆಯ ಡಬ್ಬಿಯೊಂದನ್ನು ಕೌಂಟರಿನ ಮೇಲೆ ಕುಕ್ಕಿ, "ಇದನ್ನ ತೆಗೆಯೋಕೇ ಬರಲ್ಲ, ನಿಮ್ಮ ಔಷಧಿ ನೀವೇ ತಿನ್ನಿ" ಎಂದು ಹೊರಟೇ ಹೋದರು. ಅದು ಮಕ್ಕಳಿಗೆ ತೆರೆಯಲು ಬಾರದ ಹಾಗೆ ಮಾಡಿದ್ದ ಮುಚ್ಚಳ. ಸುಮ್ಮನೆ ತಿರುಗಿಸಿದರೆ ಗಿರಗಿರ ತಿರುಗುತ್ತದೆ, ಬಿಚ್ಚುವುದಿಲ್ಲ. ಒತ್ತಿ ತಿರುಗಿಸಬೇಕು. ಯಾಕೆ ಹೀಗೆ ಎಂದು ಚಾಕು ಹಾಕಿ ಕಿತ್ತು ನೋಡಿದೆ. ಒಳಗೆ ಇನ್ನೊಂದು ಮುಚ್ಚಳ! ಹೊರಗಿನದ್ದಕ್ಕೂ ಒಳಗಿನದ್ದಕ್ಕೂ ಪುಟ್ಟ ಪುಟ್ಟ ಹಲ್ಲುಗಳು. ಒತ್ತಿದಾಗ ಮಾತ್ರ ಹಲ್ಲಿಗೆ ಹಲ್ಲು ಕಚ್ಚಿಕೊಂಡು ಎರಡೂ ಒಟ್ಟಿಗೆ ತಿರುಗುತ್ತವೆ. ಅದನ್ನು ಕಂಡು ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ. ಯಾರೋ ಒಬ್ಬ ಪುಣ್ಯಾತ್ಮ ಎಲ್ಲೋ ಕೂತು, ಕಾಣದ ಮಗುವೊಂದರ ಕೈಯನ್ನೂ ಅದರ ಅಮ್ಮನ ಕೈಯನ್ನೂ ಎರಡನ್ನೂ ಯೋಚಿಸಿ ಇದನ್ನು ಮಾಡಿದ್ದಾನಲ್ಲ ಎಂದು ಕಣ್ಣು ತುಂಬಿಬಂತು. ಅಂದು ಹಿಡಿದದ್ದು ಇಂದಿನವರೆಗೂ ಬಿಟ್ಟಿಲ್ಲ.

ಈಚೆಗೆ ಅಂಗಡಿಗೆ ಕೆಮ್ಮಿನ ಔಷಧಿಗೆಂದು ಬಂದ ಹುಡುಗಿಯೊಬ್ಬಳಿಗೆ ಆ ಸೀಸೆಯ ಮುಚ್ಚಳದ ಕತೆ ಹೇಳಿದೆ. ಪಾಪ, ಕೆಮ್ಮುತ್ತಲೇ ಪೂರ್ತಿ ಕೇಳಿದಳು. ಹೋಗುವಾಗ "ಆಂಟಿ, ನೀವು ದೊಡ್ಡ ಗೀಕ್" ಅಂದಳು. ಅರ್ಥವೇನೆಂದು ಕೇಳಿದೆ. ಒಂದು ವಿಷಯದ ಬೆನ್ನು ಹತ್ತಿ, ಯಾರು ಏನಂದರೂ ಬಿಡದೆ, ಅದರಲ್ಲೇ ಖುಷಿಯಾಗಿರುವವರು ಎಂದಳು. ನನಗೆ ಎಲ್ಲಿಲ್ಲದ ಹಿಗ್ಗು. ಇಷ್ಟು ವರ್ಷ ಹೆಸರಿಲ್ಲದೆ ಓಡಾಡುತ್ತಿದ್ದವಳಿಗೆ ಒಂದು ಹೆಸರು ಸಿಕ್ಕಿತ್ತು.

ಸಂಜೆ ಊಟಕ್ಕೆ ಕೂತಾಗ ಹೇಳಿಕೊಂಡೆ. ಮಗಳು ತಟ್ಟೆಯಿಂದ ತಲೆ ಎತ್ತದೆ ಅಂದಳು, "ಗೀಕ್ ಅಂದ್ರೆ ಕಂಪ್ಯೂಟರ್ ತಿಳಿದೋರು ಅಮ್ಮ, ನಕ್ಷತ್ರ, ರಾಕೆಟ್ಟು ಅಂಥದ್ದು. ಮುಚ್ಚಳಕ್ಕೆ ಗೀಕ್ ಅನ್ನಲ್ಲ. ಅದಕ್ಕೆ ಬೇರೆ ಹೆಸರಿದೆ."

"ಏನು ಹೆಸರು?"

"ಹುಚ್ಚು."

ನಮ್ಮೆಜಮಾನರಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಅವರು ಜನಕ್ಕೆ ಕಾರು ಓಡಿಸಲು ಕಲಿಸುವವರು. ಬೆಳಗಿನಿಂದ ಸಂಜೆಯವರೆಗೆ ಬ್ರೇಕ್ ಯಾವುದು, ಕ್ಲಚ್ ಯಾವುದು ಗೊತ್ತಿಲ್ಲದವರ ಪಕ್ಕದಲ್ಲಿ ಕೂತು ಜೀವ ಉಳಿಸಿಕೊಂಡು ಬರುವ ಮನುಷ್ಯನಿಗೆ ಹೆಂಡತಿಯ ಸಿಟ್ಟಿನ ಭಯವೇನಿದೆ? ನನಗೆ ಮಾತ್ರ ಉರಿದುಹೋಯಿತು. ಹುಚ್ಚು ಹಿಡಿದವರಿಗೆ ತಮಗೆ ಏನಾಗಿದೆ ಎಂದು ಗೊತ್ತಿರುವುದಿಲ್ಲ. ನನಗೆ ಪೂರ್ತಿ ಗೊತ್ತು, ಗೊತ್ತಿದ್ದೂ ಬಿಡುವುದಿಲ್ಲ. ಎರಡೂ ಒಂದೇ ಹೇಗಾಗುತ್ತದೆ? ಇದನ್ನು ಆಗಲೇ ಹೇಳಬೇಕಿತ್ತು. ನನಗೆ ಒಳ್ಳೆಯ ಉತ್ತರಗಳೆಲ್ಲ ಪಾತ್ರೆ ತೊಳೆಯುವಾಗಲೇ ಹೊಳೆಯುವುದು.

ಇಂಥ ಮನೆಯಲ್ಲಿ ಒಂದು ದಿನ ಮಗಳು ತಾನು ಒಬ್ಬನನ್ನು ಮೆಚ್ಚಿದ್ದೇನೆ ಎಂದು ಹೇಳಿದಳು. ಹುಡುಗ ಮಕ್ಕಳಿಗೆ ಈಜು ಕಲಿಸುತ್ತಾನೆ. ಮೊಣಕಾಲು ಉಳುಕಿಸಿಕೊಂಡು ಇವಳ ಹತ್ತಿರ ಬಂದಿದ್ದನಂತೆ. ಮೊಣಕಾಲು ವಾಸಿಯಾದ ಮೇಲೂ ಬರುತ್ತಿದ್ದ, ಅದೇ ಲಕ್ಷಣ. ನಮಗೇನೂ ತಕರಾರಿರಲಿಲ್ಲ. ಹುಡುಗನ ಅಪ್ಪ ಅಮ್ಮ ನಮ್ಮನ್ನು ನೋಡಬೇಕು, ಭಾನುವಾರ ಸಂಜೆ ಟೀಗೆ ಬನ್ನಿ ಎಂದು ಕರೆದಿದ್ದರು.

ಹಿಂದಿನ ದಿನ ಮಗಳು ಅಡುಗೆಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳು ಹಾಗೆ ಕೈ ಹಿಡಿದದ್ದು ಶಾಲೆಯ ದಿನಗಳ ಮೇಲೆ ಅದೇ ಮೊದಲು.

"ಅಮ್ಮ, ನಾಳೆ ಒಂದಿನ ಮುಚ್ಚಳದ ಮಾತು ಆಡಬೇಡ. ಅವನ ಅಮ್ಮ ಹೆಡ್‌ಮಿಸ್ಸು, ತುಂಬ ಶಿಸ್ತು. ಅವರಿಗೆ ನಮ್ಮ ಮನೆ ಇಷ್ಟ ಆಗಬೇಕು. ನನಗೆ ಇವನು ಬೇಕಮ್ಮ."

"ನಾನೇನು ಹೋದಲ್ಲೆಲ್ಲ ಅದೇ ಮಾತಾಡ್ತೀನಾ?"

"ನಮ್ಮ ಡಾಕ್ಟ್ರು ಬಂದಾಗ?"

ಅದೊಂದು ನಡೆದದ್ದು ನಿಜ. ಅವಳ ಆಸ್ಪತ್ರೆಯ ಡಾಕ್ಟರು ಮನೆಗೆ ಬಂದಿದ್ದಾಗ ಅವರ ನೀರಿನ ಬಾಟಲಿಯ ಮುಚ್ಚಳ ಬಹಳ ಚೆನ್ನಾಗಿತ್ತು. ಒಳಗಿನ ರಬ್ಬರ್ ಬಳೆ ಹೇಗೆ ಕೂತಿದೆ ಎಂದು ತೆಗೆದು ನೋಡಿ, ಮತ್ತೆ ಹಾಕಲು ಮರೆತೆ. ಮನೆ ಸೇರುವಷ್ಟರಲ್ಲಿ ಅವರ ಬ್ಯಾಗು, ಅದರೊಳಗಿದ್ದ ಎಕ್ಸ್‌ರೇಗಳು ಎಲ್ಲ ಒದ್ದೆಯಾಗಿದ್ದವು.

"ಆಡಲ್ಲ. ಬಾಯಿಗೆ ಬೀಗ ಹಾಕ್ಕೋತೀನಿ" ಎಂದೆ. ನಿಜವಾಗಿಯೂ ಹಾಗೆಯೇ ನಿರ್ಧಾರ ಮಾಡಿದ್ದೆ. ಇರುವವಳು ಒಬ್ಬಳೇ ಮಗಳು. ಅವಳ ಬಾಳಿಗಿಂತ ಮುಚ್ಚಳ ದೊಡ್ಡದೇ?

ಹೊರಡುವಾಗ ನಮ್ಮೆಜಮಾನರು ಕಾರಿನ ಬಾಗಿಲು ಹಾಕುತ್ತಾ, "ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ ಅಂತಾರೆ. ನಮ್ಮನೇಲಿ ಹುಚ್ಚು ಒಬ್ಬರಿಗೆ, ಮದುವೆ ಇನ್ನೊಬ್ಬರಿಗೆ" ಅಂದರು. ಮಗಳು ನಗಲಿಲ್ಲ. ದಾರಿಯುದ್ದಕ್ಕೂ ಉಗುರು ಕಚ್ಚುತ್ತಿದ್ದಳು.

ಅವರ ಮನೆ ಎತ್ತರದ ಕಟ್ಟಡವೊಂದರ ಮೇಲಿನ ಅಂತಸ್ತಿನಲ್ಲಿತ್ತು. ಲಿಫ್ಟಿನಿಂದ ಇಳಿದರೆ ಬಾಗಿಲಲ್ಲೇ ಹೆಡ್‌ಮಿಸ್ಸು. ಇಸ್ತ್ರಿ ಮಾಡಿದ ಬಟ್ಟೆ, ಇಸ್ತ್ರಿ ಮಾಡಿದಂಥ ನಗು. ಹಾಲಿನಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು, ಮೇಜಿನ ಮೇಲಿನ ಲೋಟದಲ್ಲಿ ಪೆನ್ಸಿಲ್ಲುಗಳು ಮೊನೆ ಮೇಲೆ ಮಾಡಿ ನಿಂತಿದ್ದವು. ಗೋಡೆಯ ತುಂಬ ಶಾಲೆಯ ಮಕ್ಕಳ ಗುಂಪು ಫೋಟೋಗಳು. ಒಂದು ಪಕ್ಕಕ್ಕೆ ಇಡೀ ಗೋಡೆಯಗಲದ ಕಿಟಕಿ.

ಆ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಹುಡುಗನ ಅಪ್ಪ ಕೂತಿದ್ದರು. ದೊಡ್ಡ ಕಟ್ಟಡಗಳನ್ನು ಕಟ್ಟುವಲ್ಲಿ ಕ್ರೇನ್ ನಡೆಸುವವರು. ಆಕಾಶದಲ್ಲಿ ಒಂದು ಗೂಡಿನೊಳಗೆ ಒಬ್ಬರೇ ಕೂತು ಕಂಬಿ, ಹಲಗೆ ಎತ್ತಿ ಇಳಿಸುವ ಕೆಲಸ. ಎದ್ದು ನಿಂತು ನಮಸ್ಕಾರ ಎಂದರು, ಕೂತರು. ಅಷ್ಟೇ. ಆಮೇಲೆ ಕೇಳಿದ್ದಕ್ಕೆಲ್ಲ "ಹೂಂ", "ಹೌದು", "ಹಾಗೇ".

"ಅಷ್ಟು ಎತ್ತರದಲ್ಲಿ ಕೆಲಸ ಮಾಡೋಕೆ ಭಯ ಆಗಲ್ವಾ?" ಎಂದು ನಮ್ಮೆಜಮಾನರು ಕೇಳಿದರು.

"ಇಲ್ಲ."

"ಗಾಳಿ ಜೋರಾಗಿ ಬಂದ್ರೆ?"

"ಇಳೀತೀವಿ."

ಹೇಳುವುದು ನಮಗೆ, ನೋಡುವುದು ಕಿಟಕಿಯ ಹೊರಗೆ. ಹೆಡ್‌ಮಿಸ್ಸು ಕೆಮ್ಮಿದರೆ ತಟ್ಟನೆ ಈಚೆ ತಿರುಗುತ್ತಿದ್ದರು, ಮತ್ತೆ ನಿಧಾನವಾಗಿ ಕತ್ತು ಆಚೆ ಹೋಗುತ್ತಿತ್ತು. ನನಗೆ ಒಳಗೊಳಗೇ ಕೋಪ ಏರತೊಡಗಿತು. ಹೆಣ್ಣಿನ ಕಡೆಯವರು ಮನೆಗೆ ಬಂದಿದ್ದೇವೆ, ಮುಖ ನೋಡಿ ಎರಡು ಮಾತಾಡಲಾರದಷ್ಟು ದೊಡ್ಡಸ್ತಿಕೆಯೇ ಈ ಮನುಷ್ಯನಿಗೆ? ನನ್ನ ಬಾಯಿಗೋ ಬೀಗ. ನಮ್ಮೆಜಮಾನರು ಟ್ರಾಫಿಕ್ಕಿನ ಬಗ್ಗೆ ಹೇಳಿದರು, ಹೆಡ್‌ಮಿಸ್ಸು ಪರೀಕ್ಷೆಗಳ ಬಗ್ಗೆ ಹೇಳಿದರು. ಆಮೇಲೆ ಎಲ್ಲರೂ ಬಿಸ್ಕತ್ತು ನೋಡುತ್ತಾ ಕೂತೆವು. ಹುಡುಗನೂ ಮಗಳೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟದಲ್ಲಿ ಆತಂಕವಿತ್ತು. ಈ ಸಂಬಂಧ ಕೂಡಿಬರುವ ಲಕ್ಷಣ ಕಾಣಲಿಲ್ಲ.

ಹೆಡ್‌ಮಿಸ್ಸು ಟೀಗೆಂದು ಎದ್ದರು. ಬಾಯಿ ಮುಚ್ಚಿ ಕೂತಿರುವುದಕ್ಕಿಂತ ಕೈಗಾದರೂ ಕೆಲಸ ಸಿಗಲಿ ಎಂದು ನಾನೂ ಹಿಂದೆಯೇ ಹೋದೆ. "ನೀವ್ಯಾಕೆ, ಕೂತ್ಕೊಳ್ಳಿ" ಎಂದರು, "ಪರವಾಗಿಲ್ಲ" ಎಂದೆ. ಒಲೆಯ ಮೇಲೆ ನೀರಿಟ್ಟರು. ಅಷ್ಟರಲ್ಲಿ ಶಾಲೆಯ ಯಾವುದೋ ಮಗುವಿನ ತಂದೆಯ ಫೋನು ಬಂತು. "ಒಂದು ನಿಮಿಷ" ಎಂದು ಬಾಲ್ಕನಿಗೆ ಹೋದರು.

ಕಟ್ಟೆಯ ಮೇಲಿನ ಹಲಗೆಯಲ್ಲಿ ಎರಡು ಬಿಳಿ ಡಬ್ಬಿಗಳು. ನೋಡಲು ಅಕ್ಕತಂಗಿಯರಂತೆ ಒಂದೇ ಎತ್ತರ, ಒಂದೇ ದಪ್ಪ. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೀಲಿ. ಎರಡೂ ಸೊಟ್ಟಗೆ ಕೂತಿದ್ದವು.

ನಾನು ಆಚೆ ತಿರುಗಿದೆ. ಸತ್ಯವಾಗಿ ಹೇಳುತ್ತೇನೆ, ಆಚೆ ತಿರುಗಿ ಒಲೆಯನ್ನೇ ನೋಡಿದೆ. ನೀರಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಬೆನ್ನ ಹಿಂದೆ ಎರಡು ಮುಚ್ಚಳ ಸೊಟ್ಟಗೆ ಕೂತಿವೆ ಎಂದು ಗೊತ್ತಿದ್ದು ಬದುಕುವುದು ಹೇಗೆ? ಮಗಳಿಗೆ ಕೊಟ್ಟ ಮಾತು ಆಡುವುದಿಲ್ಲ ಎಂದು. ಮುಟ್ಟುವುದಿಲ್ಲ ಎಂದು ಎಲ್ಲಿ ಹೇಳಿದ್ದೆ? ವಕೀಲರೂ ಒಪ್ಪುವ ಮಾತು ಅದು ಎಂದು ನನಗೆ ನಾನೇ ಹೇಳಿಕೊಂಡೆ.

ಬಿಚ್ಚಿ ನೋಡಿದೆ. ನನ್ನ ಊಹೆ ಸರಿಯಾಗಿಯೇ ಇತ್ತು. ಒಂದು ಡಬ್ಬಿಯ ಕತ್ತಿಗೆ ಸುತ್ತಲೂ ಒಂದೇ ಉದ್ದನೆಯ ಗೆರೆ ಸುರುಳಿಯಾಗಿ ಹತ್ತುತ್ತಿತ್ತು. ಇನ್ನೊಂದರ ಕತ್ತಿಗೆ ಓರೆಯಾದ ತುಂಡು ಗೆರೆಗಳು. ಬೇರೆ ಬೇರೆ ಕಾಲದಲ್ಲಿ ಕೊಂಡ ಡಬ್ಬಿಗಳು, ಯಾವತ್ತೋ ತೊಳೆದಿಡುವಾಗ ಮುಚ್ಚಳ ಅದಲುಬದಲಾಗಿದ್ದವು. ಪಾಪ, ಎಷ್ಟು ವರ್ಷಗಳಿಂದ ಒಂದರ ಮುಚ್ಚಳ ಇನ್ನೊಂದರ ಮೇಲೆ ಒದ್ದಾಡುತ್ತಿತ್ತೋ. ಕೆಂಪನ್ನು ಅದರ ಡಬ್ಬಿಗೆ ಹಾಕಿದೆ, ನೀಲಿಯನ್ನು ಅದರ ಡಬ್ಬಿಗೆ. ಎರಡೂ ಬೆಣ್ಣೆಯಂತೆ ತಿರುಗಿ 'ಟಕ್' ಎಂದು ಕೂತವು. ಆ ಸದ್ದು ಕೇಳಿ ಮೈ ಜುಮ್ಮೆಂದಿತು. ಬಂದಾಗಿನಿಂದ ಮೊದಲ ಬಾರಿ ಮನಸ್ಸಿಗೆ ಸಮಾಧಾನವಾಯಿತು.

ಒಳಗೆ ಏನಿತ್ತು ಎನ್ನುತ್ತೀರಾ? ಬಿಳಿ ಇತ್ತು. ಒಳಗಿನದ್ದನ್ನು ಯಾರು ನೋಡುತ್ತಾರೆ? ಔಷಧಿ ಅಂಗಡಿಯವಳು ಹೀಗೆ ಹೇಳಬಾರದು, ಯಾರಿಗೂ ಹೇಳಬೇಡಿ.

ಹೆಡ್‌ಮಿಸ್ಸು ಫೋನು ಮುಗಿಸಿ ಬಂದರು. ಟೀ ಸೋಸಿದರು. ನೀಲಿ ಮುಚ್ಚಳದ ಡಬ್ಬಿ ತೆಗೆದು, "ಮಗಳು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತಾಳೆ?" ಎಂದು ನನ್ನ ಮುಖವನ್ನೇ ನೋಡುತ್ತಾ, ಕೈಯಂದಾಜಿನಲ್ಲೇ ಕಪ್ಪುಗಳಿಗೆ ಚಮಚದಿಂದ ಹಾಕಿ ಕಲಕಿದರು. ತಮ್ಮ ಕಪ್ಪಿಗೆ ಮಾತ್ರ ಹಾಕಿಕೊಳ್ಳಲಿಲ್ಲ. "ನಾನು ಸಕ್ಕರೆ ಬಿಟ್ಟಿದೀನಿ" ಎಂದರು.

ಹೊರಗೆ ಬಂದು ಎಲ್ಲರಿಗೂ ಕಪ್ಪು ಕೊಟ್ಟಾಯಿತು. ಮೊದಲು ಕುಡಿದವರು ನಮ್ಮೆಜಮಾನರು. ಅವರ ಹುಬ್ಬು ಮೇಲಕ್ಕೆ ಹೋಗಿ ಅಲ್ಲಿಯೇ ನಿಂತಿತು. ಹುಡುಗ ಒಂದು ಗುಟುಕು ಕುಡಿದು ತನ್ನ ಈಜುಕೊಳದ ನೀರು ಕುಡಿದವನಂತೆ ಕೆಮ್ಮಿದ. ನಾನೂ ಕುಡಿದೆ. ಉಪ್ಪು. ಬರೀ ಉಪ್ಪು. ಉಗುಳುವಂತಿಲ್ಲ, ನುಂಗುವಂತಿಲ್ಲ. ಕೆಂಪು ಮುಚ್ಚಳ ಎಂದರೆ ಈ ಮನೆಯಲ್ಲಿ ಉಪ್ಪು, ನೀಲಿ ಎಂದರೆ ಸಕ್ಕರೆ. ಡಬ್ಬಿ ಯಾವುದಾದರೇನು, ಇವರು ಗುರುತಿಡುವುದು ಬಣ್ಣವನ್ನು! ಇರಲಾರದೆ ಇರುವೆ ಬಿಟ್ಟುಕೊಂಡಿದ್ದೆ. ಮಗಳು ಕಪ್ಪಿನ ಅಂಚಿನ ಮೇಲಿಂದ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

"ಸಕ್ಕರೆ ಸಾಕಾ?" ಎಂದು ಹೆಡ್‌ಮಿಸ್ಸು ಕೇಳಿದರು.

"ಸಾಕು ಸಾಕು. ಧಾರಾಳವಾಗಿದೆ" ಎಂದರು ನಮ್ಮೆಜಮಾನರು.

ಆಗ ನನ್ನ ಕಣ್ಣು ಕಿಟಕಿಯ ಹತ್ತಿರ ಕೂತವರ ಮೇಲೆ ಬಿತ್ತು. ಆ ಕ್ರೇನಿನ ಮಹಾರಾಯರು ಆ ಟೀಯನ್ನು ಒಂದೊಂದೇ ಗುಟುಕಾಗಿ, ನಿಧಾನವಾಗಿ, ಕಪ್ಪು ಖಾಲಿಯಾಗುವವರೆಗೆ ಕುಡಿದುಬಿಟ್ಟರು. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಕಣ್ಣು ಕಿಟಕಿಯಾಚೆ ನೆಟ್ಟಿತ್ತು. ಅಂಥ ಟೀಯನ್ನು ಗೊತ್ತಾಗದೆ ಕುಡಿಯಬೇಕಾದರೆ ಮನುಷ್ಯ ಸತ್ತಿರಬೇಕು, ಇಲ್ಲವೇ ಅವನ ಪ್ರಾಣ ಬೇರೆಲ್ಲೋ ಇರಬೇಕು. ನನ್ನ ಕೋಪವೆಲ್ಲ ಇಳಿದುಹೋಯಿತು. ದೊಡ್ಡಸ್ತಿಕೆಯಲ್ಲ ಇದು. ಇವರು ನಮ್ಮವರು ಎನಿಸಿತು. ಇವರು ಯಾವುದರ ಬೆನ್ನು ಹತ್ತಿದವರು ಎಂದು ಮಾತ್ರ ಗೊತ್ತಾಗಲಿಲ್ಲ.

ಯಾರೂ ಟೀ ಕುಡಿಯುತ್ತಿಲ್ಲ ಎಂದು ಹೆಡ್‌ಮಿಸ್ಸಿಗೆ ಅನುಮಾನ ಬಂತು. ಮಗನ ಕೈಯಿಂದ ಕಪ್ಪು ತೆಗೆದುಕೊಂಡು ಒಂದು ಗುಟುಕು ಕುಡಿದರು. ಅವರ ಕತ್ತಿನಿಂದ ಕಿವಿಯವರೆಗೆ ಕೆಂಪೇರಿತು. ಕಪ್ಪು ಕೆಳಗಿಟ್ಟು ಗಂಡನ ಕಡೆ ತಿರುಗಿದರು.

"ಬೆಳಿಗ್ಗೆ ಡಬ್ಬಿ ತುಂಬಿಸಿದ್ದು ನೀವೇ ಅಲ್ವಾ? ಸಕ್ಕರೆ ಡಬ್ಬೀಲಿ ಉಪ್ಪು ತುಂಬಿಸಿದೀರ."

ಅವರು ನಿದ್ದೆಯಿಂದ ಎದ್ದವರಂತೆ ಹೆಂಡತಿಯನ್ನು ನೋಡಿದರು. ಒಂದು ಕ್ಷಣ ಯೋಚಿಸಿದರು. "ಇರಬಹುದು" ಎಂದರು.

"ಮೋಡ ನೋಡ್ತಾ ತುಂಬಿಸಿದ್ರಾ?"

"ಇರಬಹುದು."

ಹೆಡ್‌ಮಿಸ್ಸು ನಮ್ಮ ಕಡೆ ತಿರುಗಿ ಕೈ ಜೋಡಿಸಿದರು. ಆಗ ಆ ಇಸ್ತ್ರಿ ಮಾಡಿದ ನಗು ಇರಲಿಲ್ಲ. "ತಪ್ಪು ತಿಳ್ಕೋಬೇಡಿ. ಇವರಿಗೆ ಮೋಡದ ಹುಚ್ಚು. ಮೇಲೆ ಕೂತು ಕೂತು ಹಿಡಿದುಬಿಟ್ಟಿದೆ. ಯಾರೇ ಬರಲಿ, ಅವರನ್ನ ಕಿಟಕಿ ಹತ್ರ ನಿಲ್ಲಿಸಿ ಮೋಡದ ಕತೆ ಶುರು ಮಾಡ್ತಾರೆ. ಇವತ್ತೊಂದಿನ ಬಾಯಿ ಬಿಡಬೇಡಿ, ಮಗನ ಭವಿಷ್ಯದ ಪ್ರಶ್ನೆ ಅಂತ ನಾನೂ ಇವನೂ ಕೈಮುಗಿದು ಕೇಳ್ಕೊಂಡಿದ್ವಿ. ಬಾಯಿ ಬಿಡಲಿಲ್ಲ, ಉಪ್ಪು ಹಾಕಿಟ್ರು."

ಹುಡುಗ ತಲೆ ತಗ್ಗಿಸಿದ. ಅವನ ಅಪ್ಪ ಕಿಟಕಿಯಾಚೆ ಇನ್ನೊಮ್ಮೆ ನೋಡಿದರು. ಆಮೇಲೆ ಎದ್ದು, ಕುರ್ಚಿಯನ್ನು ಎತ್ತಿ, ಕಿಟಕಿಗೆ ಬೆನ್ನು ಮಾಡಿ ಇಟ್ಟುಕೊಂಡು ಕೂತರು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಕಡೆ ನೋಡಿ ನಗಲು ಪ್ರಯತ್ನಿಸಿದರು.

ಅವರು ಬೈಗುಳ ತಿಂದದ್ದನ್ನು ನಾನು ಸಹಿಸಿಕೊಳ್ಳುತ್ತಿದ್ದೆನೋ ಏನೋ. ನಮ್ಮಂಥವರಿಗೆ ಅದು ದಿನದ ಊಟ. ಮಾಡದ ತಪ್ಪನ್ನು ಒಪ್ಪಿಕೊಂಡರಲ್ಲ, "ನಾನು ಇಂಥವನು, ನಾನೇ ಮಾಡಿರಬೇಕು" ಎಂದು, ಅದು ಸಹಿಸಲಾಗಲಿಲ್ಲ. ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತಿತ್ತು. ಮಗಳಿಗೆ ಕೊಟ್ಟ ಮಾತು ಉಳಿಯುತ್ತಿತ್ತು, ಹೊಸ ಟೀ ಬರುತ್ತಿತ್ತು, ನಮ್ಮ ಮನೆ ಮರ್ಯಾದಸ್ಥರ ಮನೆ ಎಂದಾಗುತ್ತಿತ್ತು. ಬಾಯಿ ಬಿಟ್ಟರೆ ಹೆಡ್‌ಮಿಸ್ಸು ಏನೆಂದುಕೊಳ್ಳುತ್ತಾರೋ. ಬೇರೆಯವರ ಅಡುಗೆಮನೆಗೆ ಕೈ ಹಾಕಿದ ಹೆಂಗಸಿನ ಮಗಳನ್ನು ಯಾರು ಸೊಸೆ ಮಾಡಿಕೊಳ್ಳುತ್ತಾರೆ? ಮಗಳ ಮುಖ ನೋಡಿದೆ. ಅವಳು ಕಣ್ಣಲ್ಲೇ ಬೇಡ ಎನ್ನುತ್ತಿದ್ದಾಳೋ ಏನೋ, ನನಗೆ ಓದಲಾಗಲಿಲ್ಲ.

"ಅವರಲ್ಲ. ನಾನು" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ಅವರು ಸರಿಯಾಗೇ ತುಂಬಿಸಿದಾರೆ. ನಾನು ಅಡುಗೆಮನೇಲಿ ಮುಚ್ಚಳ ಬದಲಾಯಿಸಿದೆ. ಕೆಂಪು ಮುಚ್ಚಳ ಆ ಡಬ್ಬೀದಲ್ಲ, ಸೊಟ್ಟಗೆ ಕೂತಿತ್ತು. ನನಗೆ ತಡೆಯೋಕಾಗಲಿಲ್ಲ. ನಾನು ಗೀಕು. ಮುಚ್ಚಳದ ಗೀಕು. ಎಲ್ಲಿ ಹೋದರೂ ಮುಚ್ಚಳಾನೇ ನೋಡೋದು. ನನಗೂ ಇವತ್ತು ಬಾಯಿ ಬಿಡಬೇಡ ಅಂತ ಮನೇಲಿ ಹೇಳಿ ಕರ್ಕೊಂಡು ಬಂದಿದ್ರು."

ಹೀಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಮೈ ಹಗುರವಾಗಿತ್ತು. ನನ್ನನ್ನು ನಾನು ಹೀಗೆ ನಾಲ್ಕು ಜನರ ಮುಂದೆ ಹೆಸರಿಟ್ಟು ಕರೆದುಕೊಂಡದ್ದು ಅದೇ ಮೊದಲು. ಹೆಡ್‌ಮಿಸ್ಸು ಗರಬಡಿದವರಂತೆ ನಿಂತಿದ್ದರು. ನಮ್ಮೆಜಮಾನರು ಕಾರು ಗೋಡೆಗೆ ಹೋಗುತ್ತಿರುವಾಗ ಬ್ರೇಕ್ ಹುಡುಕುವವರಂತೆ ಕಾಲು ಚಾಚಿದ್ದರು. ಇನ್ನೇನು ಹೋಗುವ ಮಾನವೆಲ್ಲ ಹೋಯಿತಲ್ಲ ಎಂದು ನಾನು ಆ ಕ್ರೇನಿನವರ ಕಡೆ ತಿರುಗಿದೆ.

"ಕುರ್ಚಿ ತಿರುಗಿಸ್ಕೊಳ್ಳಿ. ಏನು ನೋಡ್ತಿದ್ರಿ ಅಲ್ಲಿ?"

ಅವರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಕೆಮ್ಮಲಿಲ್ಲ. ಅವರಿಗೆ ಅಷ್ಟೇ ಸಾಕಾಯಿತು. ಕುರ್ಚಿ ಬಿಟ್ಟು ಎದ್ದರು. "ಬೇಗ ಬನ್ನಿ, ಮುಚ್ಚಿಹೋಗುತ್ತೆ" ಎಂದರು. ಆ ಸಂಜೆ ಅವರ ಬಾಯಿಂದ ಬಂದ ಮೊದಲ ಉದ್ದದ ಮಾತು ಅದು.

ಎಲ್ಲರೂ ಕಿಟಕಿಗೆ ಹೋದೆವು. ಊರಿನ ಮೇಲೆ ತೆಳ್ಳಗೆ ಬಿಳಿ ಮೋಡ ಹಾಸಿತ್ತು. ಅದರ ನಡುವೆ ಯಾರೋ ಬಟ್ಟಲಿಟ್ಟು ಕತ್ತರಿಸಿ ತೆಗೆದಂತೆ ಗುಂಡನೆಯ ದೊಡ್ಡ ತೂತು. ತೂತಿನಾಚೆ ನೀಲಿ ಆಕಾಶ. ತೂತಿನ ನಡುವಿನಿಂದ ಎಳೆ ಎಳೆಯಾಗಿ ಏನೋ ಕೆಳಗಿಳಿಯುತ್ತಿತ್ತು. ನಾನು ಹುಟ್ಟಿದಾಗಿನಿಂದ ಆಕಾಶದ ಕೆಳಗೇ ಓಡಾಡಿದ್ದೇನೆ, ಅಂಥದ್ದನ್ನು ಕಂಡಿರಲಿಲ್ಲ.

"ಅಲ್ಲಿರೋದು ನೀರಿನ ಹನಿ," ಅವರು ಶುರುಮಾಡಿದರು, "ಮಂಜುಗಡ್ಡೆ ಆಗೋಷ್ಟು ತಣ್ಣಗಿದ್ರೂ ಗಡ್ಡೆ ಕಟ್ಟದೆ ಹಾಗೇ ನೀರಾಗಿ ಕೂತಿರುತ್ತೆ. ಒಂದು ವಿಮಾನ ಹಾದುಹೋದ್ರೆ ಸಾಕು, ಆ ಜಾಗದಲ್ಲಿ ಗಡ್ಡೆ ಕಟ್ಟೋಕೆ ಶುರು. ಅಕ್ಕಪಕ್ಕದ ಹನಿಗಳೆಲ್ಲ ಆರಿಹೋಗಿ ಅದಕ್ಕೇ ಸೇರುತ್ತೆ. ಭಾರ ಆಗಿ ಕೆಳಗೆ ಬೀಳುತ್ತೆ. ನೋಡಿ, ಬೀಳ್ತಿರೋದು ಅದೇ. ತೂತು ಸ್ವಲ್ಪ ಹೊತ್ತು ಹಾಗೇ ಅಗಲ ಆಗ್ತಾ ಹೋಗುತ್ತೆ, ಆಮೇಲೆ ಮುಚ್ಚಿಹೋಗುತ್ತೆ. ನಾನು ಕ್ರೇನು ಹತ್ತಿದ ದಿನದಿಂದ ಇದಕ್ಕೆ ಕಾದಿದ್ದೆ. ಇವತ್ತು ಬಂತು."

"ಇವತ್ತೇ ಬರಬೇಕಿತ್ತಾ ಇದು" ಎಂದ ಹುಡುಗ.

"ಅದಕ್ಕೇನು ಗೊತ್ತು, ನಿನ್ನ ಮದುವೆ ಮಾತುಕತೆ ಅಂತ?"

ಮೊದಲು ನಕ್ಕದ್ದು ಯಾರೆಂದು ನನಗೆ ಗೊತ್ತಿಲ್ಲ. ಹೆಡ್‌ಮಿಸ್ಸೇ ಇರಬೇಕು. ಅವರು ನಕ್ಕದ್ದು ನೋಡಿ ನಮ್ಮೆಜಮಾನರು ಶುರುಮಾಡಿದರು. ಆ ಉಪ್ಪಿನ ಟೀಯನ್ನು "ಧಾರಾಳವಾಗಿದೆ" ಎಂದದ್ದನ್ನು ನೆನೆಸಿಕೊಂಡು ಹುಡುಗ ಹೊಟ್ಟೆ ಹಿಡಿದುಕೊಂಡ. "ನೀವು ಪೂರ್ತಿ ಕಪ್ಪು ಕುಡಿದ್ರಲ್ಲ" ಎಂದು ನಾನು ಕ್ರೇನಿನವರಿಗೆ ಹೇಳಿದರೆ ಅವರು ತಮ್ಮ ಖಾಲಿ ಕಪ್ಪಿನೊಳಗೆ ಬಗ್ಗಿ ನೋಡಿ, "ಹೌದಾ, ಉಪ್ಪಿತ್ತಾ?" ಎಂದರು. ಹೆಡ್‌ಮಿಸ್ಸಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಕೈಗೆ ಸಿಕ್ಕಿದ ಮೇಜಿನ ಹಾಸನ್ನೇ ಎಳೆದು ಒರೆಸಿಕೊಂಡರು.

ಆದರೆ ಹೆಡ್‌ಮಿಸ್ಸು ಹೆಡ್‌ಮಿಸ್ಸೇ. ನಗು ಮುಗಿದ ಮೇಲೆ ಅಡುಗೆಮನೆಗೆ ಹೋಗಿ ಎರಡೂ ಡಬ್ಬಿ ತಂದು ಮೇಜಿನ ಮೇಲಿಟ್ಟರು. "ಎಷ್ಟೋ ವರ್ಷದಿಂದ ಹೀಗೇ ಮುಚ್ಚಿಡ್ತಿದೀನಿ. ಇದು ಇದರದ್ದಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಯಾರಾದರೂ ನನಗೆ ತಾವಾಗಿಯೇ ಇಂಥ ಪ್ರಶ್ನೆ ಕೇಳಿದ್ದು ನೆನಪಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಆಗ ಮಗಳು ಪಕ್ಕದಲ್ಲೇ ಇದ್ದದ್ದು ನೆನಪಾಯಿತು. ತೆರೆದ ಬಾಯಿ ಮುಚ್ಚಿ, ಮೇಜಿನ ಹಾಸಿನ ಮಡಿಕೆ ಸರಿಮಾಡತೊಡಗಿದೆ. ಇಷ್ಟೆಲ್ಲ ಆದಮೇಲೂ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮಗಳು ಕೈ ಚಾಚಿ ಡಬ್ಬಿ ಎತ್ತಿಕೊಂಡಳು.

"ಈ ಗೆರೆ ನೋಡಿ ಆಂಟಿ," ಎಂದಳು, "ಇದು ಒಂದೇ ಉದ್ದ ಗೆರೆ, ಸುತ್ತಿ ಸುತ್ತಿ ಹತ್ತುತ್ತೆ. ಇದರ ಮುಚ್ಚಳ ನಿಧಾನಕ್ಕೆ ತಿರುಗಬೇಕು. ಆ ಡಬ್ಬೀಲಿ ತುಂಡು ಗೆರೆಗಳು, ಅದರ ಮುಚ್ಚಳ ಒಂದು ಸುತ್ತು ತಿರುವಿದ್ರೆ ಕೂರುತ್ತೆ. ಇದರದ್ದು ಅದಕ್ಕೆ ಹಾಕಿದ್ರೆ ಒಂದು ಕಡೆ ಮಾತ್ರ ಕಚ್ಚುತ್ತೆ, ಇನ್ನೊಂದು ಕಡೆ ಎದ್ದಿರುತ್ತೆ. ಅಲ್ಲಿಂದ ಗಾಳಿ ಹೋಗುತ್ತೆ. ನಿಮ್ಮ ಸಕ್ಕರೆ ಗಂಟು ಕಟ್ಟುತ್ತಾ?"

"ಕಟ್ಟುತ್ತೆ" ಎಂದರು ಹೆಡ್‌ಮಿಸ್ಸು ಬೆರಗಾಗಿ.

"ಅದಕ್ಕೇ. ಇನ್ಮೇಲೆ ಕಟ್ಟಲ್ಲ. ನೋಡೋದೂ ಬೇಕಿಲ್ಲ, ಕೇಳಿದ್ರೆ ಸಾಕು."

ಅವಳು ಕಣ್ಣು ಮುಚ್ಚಿ ಮುಚ್ಚಳ ತಿರುಗಿಸಿದಳು. ಟಕ್ ಎಂದಿತು. "ಸರಿಯಾಗಿ ಕೂತ್ರೆ ಈ ಸದ್ದು. ಚಿಕ್ಕವಳಿದ್ದಾಗ ನನಗೆ ಜ್ವರ ಬಂದು ಮಲಗಿದ್ರೆ, ಅಮ್ಮ ಅಂಗಡಿಯಿಂದ ಡಬ್ಬಿ ಎಲ್ಲ ತಂದು ಹಾಸಿಗೆ ಸುತ್ತ ಇಟ್ಕೊಂಡು ಕೂರ್ತಿದ್ಳು. ನಾನು ಕಣ್ಣು ಮುಚ್ಚಬೇಕು, ಅವಳು ಮುಚ್ಚಳ ಹಾಕಬೇಕು, ಯಾವ ಡಬ್ಬಿ ಅಂತ ನಾನು ಹೇಳಬೇಕು. ಆ ಆಟಕ್ಕೋಸ್ಕರ ಜ್ವರ ಬರಲಿ ಅಂತ ಕಾಯ್ತಿದ್ದೆ. ನಮ್ಮಮ್ಮನಷ್ಟು ಮುಚ್ಚಳ ತಿಳಿದೋರು ಯಾರೂ ಇಲ್ಲ ಆಂಟಿ."

ನನಗೆ ಆ ಆಟದ ನೆನಪೇ ಇರಲಿಲ್ಲ. ಅವಳು ಹೇಳಿದ ಮೇಲೆ ಬಂತು. ಬಿಸಿಯಾದ ಪುಟ್ಟ ಹಣೆ, ಬಿಗಿಯಾಗಿ ಮುಚ್ಚಿದ ಕಣ್ಣು, "ಕೆಮ್ಮಿನ ಔಷಧಿ!" ಎಂದು ಕೂಗುತ್ತಿದ್ದ ಹಲ್ಲಿಲ್ಲದ ಬಾಯಿ. ನಾನು ಅತ್ತೆ. ನಾಚಿಕೆಯಿಲ್ಲದೆ, ಬೀಗರಾಗುವವರ ಮನೆಯ ನಡುಹಾಲಿನಲ್ಲಿ ಕೂತು, ನಗುತ್ತಾ ಅತ್ತೆ. ಸಂತೋಷಕ್ಕೆ ಎದೆಯಲ್ಲಿ ಜಾಗ ಸಾಲುತ್ತಿರಲಿಲ್ಲ.

"ಎಲ್ಲ ಸರಿ," ಎಂದೆ ಮೂಗು ಒರೆಸಿಕೊಳ್ಳುತ್ತಾ, "ಒಂದು ತಪ್ಪು ಹೇಳಿದೆ. ತುಂಡು ಗೆರೆಯದ್ದು ಪೂರ್ತಿ ಒಂದು ಸುತ್ತಲ್ಲ. ಕಾಲು ಸುತ್ತು ಸಾಕು."

"ಹಾಗಾದ್ರೆ ನೀನೇ ಹೇಳು" ಎಂದು ಮಗಳು ಡಬ್ಬಿಯನ್ನು ನನ್ನ ಕೈಗಿಟ್ಟಳು. ಹೆಡ್‌ಮಿಸ್ಸು ಕುರ್ಚಿ ಹತ್ತಿರ ಎಳೆದುಕೊಂಡರು. ಕ್ರೇನಿನವರು ಕಿಟಕಿಯಿಂದ ಈಚೆ ಬಂದು, ಡಬ್ಬಿಯ ಕತ್ತನ್ನು ಬೆರಳಿನಿಂದ ಸವರಿ ನೋಡಿ, "ಈ ಗೆರೆ ಯಾಕೆ ಮೇಲಕ್ಕೆ ಹೋಗ್ತಾ ತೆಳು ಆಗುತ್ತೆ?" ಎಂದು ಕೇಳಿದರು. ಎಂಥ ಪ್ರಶ್ನೆ! ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ.

ನಾನು ಡಬ್ಬಿಯನ್ನು ಮಗಳ ಕೈಗೇ ಹಿಂದಿರುಗಿಸಿದೆ. "ಅವಳಿಗೂ ಗೊತ್ತು. ಅವಳು ಹೇಳ್ತಾಳೆ" ಎಂದೆ.

ಅವಳು ಹೇಳತೊಡಗಿದಳು. ನಾನು ಕೇಳುತ್ತಾ ಕೂತೆ.